ಬಿಲ್ಲೆ ತಂದವರಿಗೆ ಸೈಕಲ್ಲು

ಹಾಲೇಶಪ್ಪನವರು ನನ್ನನ್ನು ಒಂದು ದಿನವೂ ಹೆಸರು ಹಿಡಿದು ಕರೆದವರಲ್ಲ. ಅವರ ಪಾಲಿಗೆ ನಾನು ನಲವತ್ತೊಂದು. "ಬಂತು ನೋಡಪ್ಪ ನಲವತ್ತೊಂದು, ಇವತ್ತು ಐದು ನಿಮಿಷ ಲೇಟು" ಎಂದು ಕಬ್ಬಿಣದ ಸ್ಟೂಲಿನ ಮೇಲೆ ಕೂತಲ್ಲಿಂದಲೇ, ಯಾರಿಗೋ ಹೇಳುವಂತೆ ಹೇಳುತ್ತಿದ್ದರು. ಹೂವಿನ ಬುಟ್ಟಿಯ ಹೆಂಗಸು ಏಳು. ಕೋರ್ಟಿನ ಹತ್ತಿರ ಅರ್ಜಿ ಟೈಪು ಮಾಡುವ ಮುದುಕರು ಹದಿನೆಂಟು. ಅವರು ನಾಲ್ಕು ದಿನ ಬಾರದಿದ್ದರೆ, "ಹದಿನೆಂಟಕ್ಕೆ ಕೆಮ್ಮಂತೆ, ಪಾಪ. ವಯಸ್ಸಾಯ್ತು ನೋಡಿ, ಚೈನೂ ಸಡಿಲ ಆಗಿದೆ" ಎನ್ನುತ್ತಿದ್ದರು. ಕೆಮ್ಮು ಮುದುಕರಿಗೆ, ಚೈನು ಸೈಕಲ್ಲಿಗೆ ಎಂದು ನಾವೇ ಬಿಡಿಸಿಕೊಳ್ಳಬೇಕು. ಅವರ ಲೆಕ್ಕದಲ್ಲಿ ಎರಡೂ ಒಂದೇ ಜೀವ.

ಶಿವಮೊಗ್ಗದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಒಂದು ಕಾಲಕ್ಕೆ ಲಾರಿಗಳು ನಿಲ್ಲುತ್ತಿದ್ದ ತಗಡಿನ ಶೆಡ್ಡಿನಲ್ಲಿ ಅವರ ಸ್ಟ್ಯಾಂಡು. ಅವರದು ಎಂದು ನಾವು ಹೇಳುತ್ತಿದ್ದೆವು ಅಷ್ಟೆ. ಜಾಗ ಬೇರೆಯವರದು, ಇವರು ನೋಡಿಕೊಳ್ಳುವವರು. ಮುಂದಿನ ಮುಕ್ಕಾಲು ಭಾಗ ಸ್ಕೂಟರು, ಬೈಕುಗಳದ್ದು. ಹಿಂದಿನ ಗೋಡೆಗೆ ಆನಿಸಿಕೊಂಡು ನಮ್ಮ ಸೈಕಲ್ಲುಗಳು. ಸ್ಕೂಟರಿನವರಿಗೆ ಯಾವಾಗಲೂ ಅವಸರ. ಎಲ್ಲಿ ಜಾಗ ಕಂಡಿತೋ ಅಲ್ಲಿ ತುರುಕಿ ಓಡುತ್ತಾರೆ. ಹಾಗೆ ನಾಲ್ಕು ಸ್ಕೂಟರು ಅಡ್ಡ ನಿಂತರೆ ಹಿಂದಿನ ಸೈಕಲ್ಲು ಸಂಜೆಯವರೆಗೆ ಜೈಲು. ಅದಕ್ಕೆ ಹಾಲೇಶಪ್ಪನವರು ದಿನಾ ಬೆಳಿಗ್ಗೆ ಬಂದ ತಕ್ಷಣ ಸುಣ್ಣದ ಡಬ್ಬಿ ಹಿಡಿದು ಗೋಡೆಯಿಂದ ಬಾಗಿಲವರೆಗೆ ಎರಡು ಗೆರೆ ಎಳೆಯುತ್ತಿದ್ದರು. ನಡುವೆ ಒಂದು ಸೈಕಲ್ಲು, ಪಕ್ಕದಲ್ಲಿ ಅದನ್ನು ತಳ್ಳುವ ಒಬ್ಬ ಮನುಷ್ಯ ಹೋಗುವಷ್ಟು ದಾರಿ. ಜಾಗದ ಓನರ್ ಒಮ್ಮೆ ತಮ್ಮ ಬೈಕನ್ನೇ ಆ ಗೆರೆಯೊಳಗೆ ನಿಲ್ಲಿಸಿ ಕಾಫಿಗೆ ಹೋದರು. ಬರುವಷ್ಟರಲ್ಲಿ ಬೈಕು ಓಣಿಯಲ್ಲಿತ್ತು. "ಒಳಗೆ ಬಿಡೋದು ದೊಡ್ಡ ವಿಷ್ಯ ಅಲ್ಲ ಸ್ವಾಮಿ, ಹೊರಗೆ ಬಿಡಬೇಕಲ್ಲ" ಎಂದರಂತೆ ಇವರು. ಓನರ್ ನುಂಗಿಕೊಂಡರು. ಇವರನ್ನು ಬಿಟ್ಟರೆ ಬೆಳಗಿನ ಮೊದಲ ಬಸ್ಸಿನಿಂದ ರಾತ್ರಿಯ ಶಟರ್‌ವರೆಗೆ ಅಲ್ಲಿ ಕೂರುವವರು ಬೇರೆ ಯಾರೂ ಸಿಗುತ್ತಿರಲಿಲ್ಲ.

ತೆಳ್ಳನೆಯ ಆಳು. ಹಣೆಗೆ ವಿಭೂತಿ, ಮೈಗೆ ಖಾಕಿ ಅಂಗಿ, ಮೊಣಕಾಲಿಗೆ ಎತ್ತಿ ಕಟ್ಟಿದ ಪಂಚೆ, ಉಗುರ ಸಂದಿಯಲ್ಲಿ ಸದಾ ಸುಣ್ಣ. ಸೈಕಲ್ಲುಗಳನ್ನು ಒಂದರ ಮುಖ ಗೋಡೆಗೆ, ಮುಂದಿನದರ ಮುಖ ಬಾಗಿಲಿಗೆ ಮಾಡಿ ನಿಲ್ಲಿಸುತ್ತಿದ್ದರು. ಹಾಗೆ ಮಾಡಿದರೆ ಹ್ಯಾಂಡಲ್ಲುಗಳು ಸಿಕ್ಕಿಕೊಳ್ಳುವುದಿಲ್ಲ, ಒಂದನ್ನು ಎಳೆದರೆ ಹತ್ತು ಬೀಳುವುದಿಲ್ಲ. "ಹ್ಯಾಂಡಲ್ಲು ಹ್ಯಾಂಡಲ್ಲು ತಾಗಿದ್ರೆ ಜಗಳ ಕಣಮ್ಮ. ಅಣ್ಣತಮ್ಮಂದಿರನ್ನೂ ಹಿಂಗೇ ಮಲಗಿಸಬೇಕು, ಒಬ್ಬನ ತಲೆ ಆ ಕಡೆ, ಒಬ್ಬನ ತಲೆ ಈ ಕಡೆ" ಎಂದು ನಗುತ್ತಿದ್ದರು. ತಗಡಿನ ಮೇಲೆ ಕೂರುವ ಪಾರಿವಾಳಗಳ ಕಾಟಕ್ಕೆ ಎಲ್ಲ ಸೀಟಿಗೂ ಪ್ಲಾಸ್ಟಿಕ್ ಕವರ್ ತೊಡಿಸುವುದು, ಸಂಜೆ ಟಯರು ಒತ್ತಿ ಗಾಳಿ ನೋಡುವುದು, ಇವೆಲ್ಲ ಯಾರೂ ಹೇಳಿ ಮಾಡಿಸಿದ್ದಲ್ಲ. ಇಷ್ಟೆಲ್ಲ ಮಾಡುವವರಿಗೆ ಸೈಕಲ್ ತುಳಿಯಲು ಬರುತ್ತಿರಲಿಲ್ಲ. ನಾನು ಬಿಡದೆ ಕಾಡಿದ್ದಕ್ಕೆ, "ಹೆರಿಗೆ ಮಾಡಿಸೋ ಡಾಕ್ಟರು ತಾನೂ ಹೆತ್ತಿರಬೇಕು ಅಂತ ಇದೆಯೇನು ಮಾರಾಯ್ತಿ?" ಎಂದು ಬಾಯಿ ಮುಚ್ಚಿಸಿದರು.

ಆ ಮಾತು ಆಡಿದಾಗ ನನ್ನ ವಿಷಯ ಅವರಿಗೆ ಗೊತ್ತಿರಲಿಲ್ಲ. ನನ್ನ ಮುಖ ಸಣ್ಣದಾದದ್ದು ಕಂಡು ಅವರೇ ತಬ್ಬಿಬ್ಬಾದರು. ಆವತ್ತು ನಾನು ಹೇಳಿಕೊಂಡೆ.

ಸವಳಂಗ ರಸ್ತೆಯ ಒಂದು ಲ್ಯಾಬಿನಲ್ಲಿ ನಾನು ರಕ್ತ ತೆಗೆಯುವ ಕೆಲಸ ಮಾಡುತ್ತೇನೆ. ಖಾಲಿ ಹೊಟ್ಟೆಯಲ್ಲಿ ಬರುವವರು ಏಳೂವರೆಗೆಲ್ಲ ಬಂದು ಮೆಟ್ಟಿಲ ಮೇಲೆ ಕೂತಿರುತ್ತಾರೆ. ಲೇಟಾದರೆ ಹಸಿದವರ ಬಾಯಿಗೆ ಬೀಳಬೇಕು. ಮೊದಲ ಸಂಬಳದಲ್ಲಿ ನೀಲಿ ಬಣ್ಣದ ಲೇಡೀಸ್ ಸೈಕಲ್ ತಗೊಂಡೆ, ಮುಂದೆ ಬುಟ್ಟಿ ಇರುವಂಥದ್ದು. ಮದುವೆಯಾಗಿ ಭದ್ರಾವತಿಯ ನ್ಯೂ ಟೌನಿಗೆ ಬಂದ ಮೇಲೆ ಅದು ಹಾಲೇಶಪ್ಪನವರ ಸ್ಟ್ಯಾಂಡಿನಲ್ಲಿ ನೈಟ್ ಹಾಲ್ಟ್ ಆಯಿತು. ಭದ್ರಾವತಿಯಿಂದ ಬಸ್ಸು, ಬಸ್ಸಿಳಿದು ಸೈಕಲ್ಲು. ಲ್ಯಾಬಿನ ಕಟ್ಟಡದ ನೆಲಮಾಳಿಗೆಯಲ್ಲಿ ಕಾರಿಗೆ, ಸ್ಕೂಟರಿಗೆ ಗೆರೆ ಹಾಕಿದ್ದಾರೆ. ಸೈಕಲ್ ಕಂಡರೆ ವಾಚ್‌ಮನ್ ಎತ್ತಿ ಚರಂಡಿ ಪಕ್ಕ ಇಡುತ್ತಾನೆ. ನನ್ನ ಜೊತೆ ಕೆಲಸ ಮಾಡುವವಳ ಸೈಕಲ್ಲು ಕರೆಂಟ್ ಕಂಬಕ್ಕೆ ಬೀಗ ಹಾಕಿದಲ್ಲಿಂದಲೇ ಹೋಯಿತು. ನಾನು ಹಗಲು ಎದುರಿನ ಎಳನೀರು ಗಾಡಿಯವನ ಪಕ್ಕ ನಿಲ್ಲಿಸಿಕೊಂಡು, ಪ್ರತಿ ಸೂಜಿಗೂ ಒಂದು ಸಲ ಕಿಟಕಿಯಿಂದ ಬಗ್ಗಿ ನೋಡುತ್ತಿದ್ದೆ. ಸಂಜೆ ಅದನ್ನು ಹಾಲೇಶಪ್ಪನವರಿಗೆ ಒಪ್ಪಿಸಿದ ಮೇಲೆಯೇ ಜೀವ ಸಮಾಧಾನ.

ಮದುವೆಯ ಎರಡನೇ ವರ್ಷ ಮೂರು ತಿಂಗಳಿಗೇ ಹೊಟ್ಟೆಯದು ನಿಲ್ಲದೆ ಹೋಯಿತು. ಡಾಕ್ಟರು ಎರಡೆರಡು ಸಲ ಹೇಳಿದರು, ಸೈಕಲ್ಲಿಗೂ ಇದಕ್ಕೂ ಸಂಬಂಧ ಇಲ್ಲ ಎಂದು. ಆದರೆ ಮನೆಗೆ ಒಂದು ಕಾರಣ ಬೇಕಿತ್ತು, ಸೈಕಲ್ಲು ಸಿಕ್ಕಿತು. ನಮ್ಮತ್ತೆ ಅತ್ತರು. ನಮ್ಮ ಮಾವ ಸಂಸ್ಕೃತ ಪಾಠ ಹೇಳಿ ನಿವೃತ್ತರಾದವರು, ದನಿ ಎತ್ತರಿಸಿದವರಲ್ಲ. "ಮಾರಿಬಿಡಮ್ಮ, ಮನಸ್ಸಿಗೆ ನೆಮ್ಮದಿ" ಎಂದರು. ನನ್ನ ಗಂಡ ಶ್ರೀಧರ ನನ್ನ ಕೈ ಹಿಡಿದುಕೊಂಡು ಕೂತರು. ಕೈ ಹಿಡಿದುಕೊಂಡವರ ಜೊತೆ ಜಗಳ ಆಡುವುದು ಹೇಗೆ? ಒಂದು ವಾರ ಬಿಟ್ಟು ಮಾರಿದೆ ಎಂದು ಹೇಳಿದೆ. ಮಾರಿರಲಿಲ್ಲ.

ಇಷ್ಟನ್ನು ಹೇಳಿ, "ಯಾರಾದರೂ ಬಂದು ಕೇಳಿದರೆ ಇಲ್ಲ ಅಂದುಬಿಡಿ" ಎಂದು ಹಾಲೇಶಪ್ಪನವರನ್ನು ಬೇಡಿಕೊಂಡೆ. ಅವರು ತಲೆ ಆಡಿಸಿದರು. "ಸುಳ್ಳು ಹೇಳಲ್ಲಮ್ಮ ನಾನು. ಯಾರೂ ಕೇಳದಿದ್ರೆ ನಾನಾಗಿ ಬಾಯಿ ಬಿಡೋದೂ ಇಲ್ಲ. ಅಷ್ಟು ಸಾಕಾ?"

ಸಾಕು ಎಂದೆ. ಸಾಕಾಗಿತ್ತು ಕೂಡ. ಮನೆಯವರ ಪ್ರಕಾರ ನಾನು ಸಿಟಿ ಬಸ್ಸಿನಲ್ಲಿ ಲ್ಯಾಬಿಗೆ ಹೋಗುವವಳು. ಬೆಳಿಗ್ಗೆ ಭದ್ರಾವತಿಯಲ್ಲಿ ಶ್ರೀಧರ ಸ್ಕೂಟರಿನಲ್ಲಿ ಬಸ್ಸಿಗೆ ಬಿಡುತ್ತಾರೆ, ಶಿವಮೊಗ್ಗದಲ್ಲಿ ಇಳಿದ ತಕ್ಷಣ ಅತ್ತೆಗೆ ಫೋನು, ಲ್ಯಾಬು ತಲುಪಿದ ತಕ್ಷಣ ಶ್ರೀಧರನಿಗೆ ಮೆಸೇಜು. ಈ ಫೋನಿಗೂ ಆ ಮೆಸೇಜಿಗೂ ನಡುವೆ ಇಪ್ಪತ್ತು ನಿಮಿಷ ನಾನು ಎಲ್ಲಿದ್ದೇನೆ ಎಂದು ಈ ಲೋಕದಲ್ಲಿ ಯಾರಿಗೂ ಗೊತ್ತಿರುತ್ತಿರಲಿಲ್ಲ. ಅದೊಂದು ದೊಡ್ಡ ವಿಷಯವೇ ಎಂದು ಕೇಳುವವರು ಹಾಗೆ ಬದುಕಿ ನೋಡಬೇಕು. ಮಳೆ ಬಂದರೆ ನೆನೆಯುತ್ತಿದ್ದೆ, ಲಾರಿಯವನು ಹಾರ್ನ್ ಹೊಡೆದರೆ ಬೈಯುತ್ತಿದ್ದೆ. ಮನೆಯಲ್ಲಿ ಮೂರು ವರ್ಷದಿಂದ ಯಾರನ್ನೂ ಬೈದಿರಲಿಲ್ಲ ನಾನು.

ಇನ್ನು ಅವರ ಬಿಲ್ಲೆಯ ವಿಷಯ. ಈಗಿನ ಸ್ಟ್ಯಾಂಡುಗಳ ಹಾಗೆ ಚೀಟಿ ಹರಿದು ಕೊಡುವುದಲ್ಲ. ತಗಡನ್ನು ದುಂಡಗೆ ಕತ್ತರಿಸಿ, ಉಳಿಯಿಂದ ನಂಬರು ಕುಟ್ಟಿದ ಜೋಡಿ ಬಿಲ್ಲೆಗಳು. ಒಂದು ಹ್ಯಾಂಡಲ್ಲಿಗೆ ತಂತಿಯಲ್ಲಿ ಕಟ್ಟಿದ್ದು, ಇನ್ನೊಂದು ನಮ್ಮ ಕೈಗೆ. ಬಿಲ್ಲೆ ತೋರಿಸಿದರೆ ಸೈಕಲ್ಲು, ಇಲ್ಲದಿದ್ದರೆ ಇಲ್ಲ. ಪ್ರಧಾನಮಂತ್ರಿ ಬಂದರೂ ಅಷ್ಟೇ ಎಂದು ಹೇಳುತ್ತಿದ್ದರು. ಪ್ರಧಾನಮಂತ್ರಿ ಬರಲಿಲ್ಲ, ಅವರ ಬೀಗರು ಬಂದರು. ಮಗಳ ಮಾವ, ಹೊಳಲೂರಿನ ಕಡೆಯ ಗೌರವಸ್ಥರು. ಬೆಳಿಗ್ಗೆ ಸೈಕಲ್ಲಿಟ್ಟು ಪೇಟೆಗೆ ಹೋಗಿ ಬಂದವರು ಜೇಬು ತಡಕಿದರೆ ಬಿಲ್ಲೆ ಇಲ್ಲ. ಇಡೀ ಸ್ಟ್ಯಾಂಡು ಕಿವಿ ನಿಮಿರಿಸಿ ನಿಂತಿತು. "ಬೀಗರೇ, ಕೂತ್ಕೊಳ್ಳಿ, ಮಜ್ಜಿಗೆ ತರಿಸ್ತೀನಿ. ಸೈಕಲ್ ಮಾತ್ರ ಕೇಳಬೇಡಿ" ಎಂದರು ಇವರು. ಬೀಗರು ಕೆಂಪಗಾಗಿ, ಮಜ್ಜಿಗೆ ಕುಡಿದು, ಅಂಗಿ ಬಿಚ್ಚಿ ಕೊಡವಿ, ಕೊನೆಗೆ ಬನಿಯನ್ನಿನ ಒಳಜೇಬಿನಲ್ಲಿ ಬಿಲ್ಲೆ ಸಿಕ್ಕಿದಾಗ ಏಳು ನಂಬರಿನ ಹೂವಿನವಳು ಚಪ್ಪಾಳೆ ತಟ್ಟಿದಳು. ಮಗಳು ಆಮೇಲೆ ಅಪ್ಪನ ಹತ್ತಿರ ಒಂದು ತಿಂಗಳು ಮಾತು ಬಿಟ್ಟಳಂತೆ.

ನನಗೂ ಆಯಿತು. ಒಂದು ದಿನ ಬ್ಯಾಗು ಬದಲಿಸಿ ಬಂದುಬಿಟ್ಟಿದ್ದೆ. ಸೈಕಲ್ಲು ಮೂರು ಮಾರು ದೂರದಲ್ಲಿ ನಿಂತಿದೆ, ಹಿಂದಿನ ಸಂಜೆ ಅದಕ್ಕೆ ಗಾಳಿ ಹೊಡೆದವರೇ ಇವರು, ಆದರೂ "ಬಿಲ್ಲೆ?" ಎಂದು ಕೈ ಚಾಚಿದರು.

"ನಾನು ಯಾರು ಅಂತ ಗೊತ್ತಿಲ್ವಾ ನಿಮಗೆ?"

"ಗೊತ್ತು. ನಲವತ್ತೊಂದು."

"ಆ ಸೈಕಲ್ಲು ಯಾರದು?"

"ನಲವತ್ತೊಂದರದ್ದು."

"ಮತ್ತೆ ಕೊಡಿ!"

"ಬಿಲ್ಲೆ ಕೊಡಿ, ಕೊಡ್ತೀನಿ. ನಾನು ಮುಖಕ್ಕೆ ಕೊಡಲ್ಲಮ್ಮ." ಆಮೇಲೆ ಆಕಾಶ ನೋಡಿ, ಗೂಟಕ್ಕೆ ತೂಗುಹಾಕಿದ್ದ ತಮ್ಮ ಛತ್ರಿ ತೆಗೆದು ಮುಂದೆ ಹಿಡಿದರು. "ಮಳೆ ಬರೋ ಹಂಗಿದೆ. ಇದಕ್ಕೆ ಬಿಲ್ಲೆ ಬೇಡ."

ನಾನು ಛತ್ರಿ ಮುಟ್ಟಲಿಲ್ಲ. ಸಿಟಿ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ, ಆವತ್ತು ನಾಲ್ಕು ಜನರ ನರ ಸಿಗದೆ ಎರಡೆರಡು ಸಲ ಚುಚ್ಚಿದೆ. ಸಂಜೆ ಕೋಪ ಇಳಿದ ಮೇಲೆ, ಇದೇನು ನಿಮ್ಮ ಹಟ ಎಂದು ಕೇಳಿದ್ದಕ್ಕೆ ಅವರು ಹಳೆಯ ಕಥೆ ಹೇಳಿದರು. ಹುಡುಗರಾಗಿದ್ದಾಗ ಭದ್ರಾವತಿಯ ಒಂದು ಟಾಕೀಸಿನ ಸೈಕಲ್ ಸ್ಟ್ಯಾಂಡಿನಲ್ಲಿ ಕೆಲಸಕ್ಕಿದ್ದರು. ಕಾರ್ಖಾನೆಗೆ ಹೋಗುವ ಮುರುಗೇಶ ಎಂಬವರು ಇವರ ಜೀವದ ಗೆಳೆಯ. ಒಂದು ಮ್ಯಾಟನಿಯ ನಡುವೆ ಮುರುಗೇಶನ ತಮ್ಮ ಬಂದು, ಅಣ್ಣನ ಸೈಕಲ್ ಕೊಡು ಎಂದ. ಗೊತ್ತಿದ್ದ ಮುಖ, ಒಂದೇ ಮನೆಯ ಹುಡುಗ. ಕೊಟ್ಟರು. ತಮ್ಮ ಆ ಸೈಕಲ್ಲನ್ನು ಜೂಜಿನಲ್ಲಿ ಕಳೆದ. ಸಿನಿಮಾ ಬಿಟ್ಟು ಬಂದ ಮುರುಗೇಶ ಒಂದು ಮಾತೂ ಆಡದೆ ಶಿಫ್ಟಿಗೆ ನಡೆದುಕೊಂಡು ಹೋದರು. ಆಮೇಲೂ ಆಡಲಿಲ್ಲ, ಸಾಯುವವರೆಗೂ. "ಮನೆಯೋರೇ ಕಣಮ್ಮ ಮೊದಲು ಬರೋದು" ಎಂದರು ಹಾಲೇಶಪ್ಪ. "ಹೊರಗಿನೋನಿಗೆ ನಿನ್ನ ಸೈಕಲ್ ಇಲ್ಲೈತೆ ಅಂತ ಹೆಂಗೆ ಗೊತ್ತಾಗುತ್ತೆ?"

ಅವರ ಮನೆಯೂ ಭದ್ರಾವತಿಯೇ, ಹಳೇ ಊರಿನಲ್ಲಿ. ಆದರೆ ಭದ್ರಾವತಿಯಲ್ಲಿ ಅವರನ್ನು ಕಂಡವರು ಕಡಿಮೆ. ಮೊದಲ ಬಸ್ಸಿಗೆ ಬಂದು ಕೊನೆಯ ಬಸ್ಸಿಗೆ ಹೋಗುವವರು. ಭಾನುವಾರವೂ ಸೈಕಲ್ಲುಗಳಿರುತ್ತವಲ್ಲ. ತಂಗಿಯ ಮಗನ ಮದುವೆಗೆ ಧಾರೆಯ ಹೊತ್ತಿಗೆ ಹೋಗಿ ಅಕ್ಷತೆ ಹಾಕಿ, ಊಟಕ್ಕೆ ಕೂರದೆ ಓಡಿ ಬಂದರಂತೆ. ಒಂದು ದಿನ ರಜ ಹಾಕಿ ಎಂದರೆ, "ನಾನೂ ನೈಟ್ ಹಾಲ್ಟೇ ಮಾರಾಯ್ತಿ. ನನ್ನ ಬಿಲ್ಲೆ ಯಾರ ಹತ್ರ ಐತೋ ಅವರು ಬರಬೇಕು" ಎಂದು ನಗುತ್ತಿದ್ದರು. ಆ ನಗು ನನಗೆ ಅಷ್ಟು ಹಿಡಿಸುತ್ತಿರಲಿಲ್ಲ. ನನ್ನನ್ನು ನೋಡಿಕೊಂಡ ಹಾಗಾಗುತ್ತಿತ್ತು.

ಕಳೆದ ಮಳೆಗಾಲದಲ್ಲಿ ನನಗೆ ಜ್ವರ ಬಂದು ನಾಲ್ಕು ದಿನ ಮಲಗಿದೆ. ಮಾತ್ರೆ ಹುಡುಕಲು ನನ್ನ ಬ್ಯಾಗಿಗೆ ಕೈ ಹಾಕಿದ ಅತ್ತೆಗೆ ಬಿಲ್ಲೆ ಸಿಕ್ಕಿತು. "ಇದ್ಯಾವ ದೇವಸ್ಥಾನದ ಚಪ್ಪಲಿ ಬಿಲ್ಲೆಯೋ ಶ್ರೀಧರ, ವಾಪಸ್ ಕೊಡದೆ ಬಂದಿದಾಳೆ ನೋಡು" ಎಂದು ಮಗನ ಕೈಗೆ ಕೊಟ್ಟರಂತೆ. ನಾನು ಆಗ ನಿದ್ದೆಯಲ್ಲಿದ್ದೆ. ಶ್ರೀಧರ ಓದುವಾಗ ಸ್ಟ್ಯಾಂಡುಗಳಲ್ಲಿ ಸೈಕಲ್ ಇಟ್ಟವರು. ನಂಬರಿನ ಪಕ್ಕ ಕುಟ್ಟಿದ್ದ 'ಸೈ' ಎಂಬ ಅಕ್ಷರ ನೋಡಿದ ತಕ್ಷಣ ಅವರಿಗೆ ಗೊತ್ತಾಯಿತು. ಮಾರನೇ ದಿನ ಶಿವಮೊಗ್ಗಕ್ಕೆ ಹೋದರು.

ಮಧ್ಯಾಹ್ನ ಗಂಜಿ ಕುಡಿದು ಕಣ್ಣು ಮುಚ್ಚಿದ್ದೆ. ಅಂಗಳದಲ್ಲಿ ಗಂಟೆ ಸದ್ದಾಯಿತು. ಸೈಕಲ್ಲಿನ ಬೆಲ್ಲು ನೂರು ಇರುತ್ತವೆ, ನಮ್ಮದು ನಮಗೆ ಗೊತ್ತಾಗುತ್ತದೆ. ಎದ್ದು ಕಿಟಕಿಗೆ ಹೋದೆ. ಲಗೇಜ್ ಆಟೋದಿಂದ ನನ್ನ ಸೈಕಲ್ಲನ್ನು ಇಳಿಸುತ್ತಿದ್ದರು. ಇಳಿಸುವಾಗ ಏನೋ ತಾಗಿ ಬೆಲ್ಲು ಬಡಿದಿತ್ತು.

ಯಾರೂ ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಅತ್ತೆ ನನ್ನ ಹಣೆ ಮುಟ್ಟಿ ನೋಡಿ, ಕಣ್ಣೊರೆಸಿಕೊಂಡು, ಮೆಣಸಿನ ಸಾರು ಮಾಡಿದರು. ಮಾವ ಎಂದಿನಂತೆ ಸಂಧ್ಯಾವಂದನೆಗೆ ಕೂತರು. ಶ್ರೀಧರ ಹಿತ್ತಲ ಕಿಟಕಿಯ ಸರಳಿಗೆ ಸೈಕಲ್ಲನ್ನು ಸರಪಳಿಯಿಂದ ಕಟ್ಟಿ, ಬೀಗದ ಕೀಯನ್ನು ತಮ್ಮ ಕೀಗೊಂಚಲಿಗೆ ಹಾಕಿಕೊಂಡು ಬಂದು, "ನಿನಗೆ ಏನಾದ್ರೂ ಆಗಿದ್ರೆ ನಾನೇನು ಮಾಡ್ಬೇಕಿತ್ತು, ಹೇಳು" ಎಂದರು. ಅವರ ಕಣ್ಣಲ್ಲೂ ನೀರಿತ್ತು. ಅಷ್ಟು ಜನರ ಕಣ್ಣೀರಿನ ಮಧ್ಯೆ ನನ್ನದಕ್ಕೆ ಜಾಗ ಎಲ್ಲಿ? ತಪ್ಪಾಯ್ತು ಎಂದೆ.

ಮನೆಯಲ್ಲಿ ತೋರಿಸಲಾಗದ ಸಿಟ್ಟನ್ನೆಲ್ಲ ಗಂಟು ಕಟ್ಟಿಕೊಂಡು ಹಾಲೇಶಪ್ಪನವರ ಹತ್ತಿರ ಹೋದೆ. ಜ್ವರ ಬಿಟ್ಟು ಕೆಲಸಕ್ಕೆ ಹೋದ ಮೊದಲ ದಿನವೇ. ಬಸ್ಸಿಳಿದು ಅತ್ತೆಗೆ ಫೋನು ಕೂಡ ಮಾಡದೆ.

"ಕೊಟ್ಟುಬಿಟ್ರಲ್ಲ" ಎಂದೆ.

ಅವರು ಸ್ಟೂಲಿನಿಂದ ಎದ್ದು ನಿಂತರು. "ಬಿಲ್ಲೆ ತಂದ್ರಮ್ಮ. ಯಾರು ಅಂತ ಕೇಳ್ದೆ, ಗಂಡ ಅಂದ್ರು. ವಿಳಾಸ ಬರೆಸ್ಕೊಂಡೆ, ಸಹಿ ಹಾಕಿಸ್ಕೊಂಡೆ..."

"ನಾನು ಕಾಲಿಗೆ ಬೀಳೋದೊಂದು ಬಾಕಿ ಇಟ್ಟು ಹೇಳಿದ್ದೆ ನಿಮಗೆ, ಮನೆಯೋರಿಗೆ ಗೊತ್ತಾಗಬಾರದು ಅಂತ!"

"ಹೇಳಿದ್ರಿ."

"ನಾನು ಜ್ವರದಲ್ಲಿ ಮಲಗಿದ್ದಾಗ ಬ್ಯಾಗಿಂದ ತೆಗೆದಿದ್ದು ಅದು. ನನ್ನನ್ನ ಕೇಳಿಲ್ಲ, ಹೇಳಿಲ್ಲ. ಅವತ್ತು ನಾನೇ ಬಂದು ಕೇಳಿದಾಗ ಕೊಡಲಿಲ್ಲ ನೀವು, ನನ್ನ ಸೈಕಲ್ಲು ನನಗೇ! ನಿಮ್ಮ ಬಿಲ್ಲೆ ಇರೋದು ನಿಮ್ಮನ್ನ ಕಾಯೋಕೆ, ನಮ್ಮನ್ನಲ್ಲ."

ಹದಿನೆಂಟು ನಂಬರಿನ ಮುದುಕರು ಕನ್ನಡಕ ಏರಿಸಿ ನೋಡುತ್ತಿದ್ದರು. ಹಾಲೇಶಪ್ಪನವರು ಸುಣ್ಣದ ಬೆರಳನ್ನು ಪಂಚೆಗೆ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು. "ಆವತ್ತು ಮುಖ ನೋಡಿ ಕೆಟ್ಟೆ, ಇವತ್ತು ಬಿಲ್ಲೆ ನೋಡಿ ಕೆಟ್ಟೆ" ಎಂದರು, ನನಗಲ್ಲ, ತಮಗೇ. ನಾನು ತಿರುಗಿ ನೋಡದೆ ಬಂದೆ. ಅವರನ್ನು ನೋಯಿಸಿದ್ದಕ್ಕೆ ಆಗ ಖುಷಿಯೇ ಆಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಅದಾದ ಎರಡನೇ ಭಾನುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ನ್ಯೂ ಟೌನಿನ ನಮ್ಮ ಮನೆಯ ಗೇಟು ಸದ್ದಾಯಿತು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಛತ್ರಿ, ಹಣೆಯಲ್ಲಿ ವಿಭೂತಿ. ಖಾಕಿ ಇಲ್ಲದ ಹಾಲೇಶಪ್ಪನವರನ್ನು ಗುರುತಿಸಲು ನನಗೇ ಒಂದು ಕ್ಷಣ ಬೇಕಾಯಿತು. ಯಾರೋ ಮುಹೂರ್ತ ಕೇಳಲು ಬಂದವರೆಂದು ಮಾವ ಕೂರಿಸಿದರು. ತಂಗಿಯ ಮಗನ ಮದುವೆಯ ಊಟಕ್ಕೂ ಕೂರದ ಮನುಷ್ಯ ಸ್ಟ್ಯಾಂಡು ಬಿಟ್ಟು ಬಂದಿದ್ದಾರೆ.

"ಸ್ಟ್ಯಾಂಡಿನಲ್ಲಿ ಯಾರಿದಾರೆ?" ಎಂದು ಬಾಯಿಗೆ ಬಂದದ್ದನ್ನು ಕೇಳಿಬಿಟ್ಟೆ.

"ಹದಿನೆಂಟು ಕೂತಿದಾರೆ" ಎಂದರು. ಆಮೇಲೆ ಕುರ್ಚಿಯ ತುದಿಗೆ ಸರಿದು ಶ್ರೀಧರನ ಕಡೆ ತಿರುಗಿದರು. "ಸ್ವಾಮಿ, ನನ್ನಿಂದ ಒಂದು ತಪ್ಪಾಗಿದೆ. ಅವತ್ತು ನೀವು ಬಿಲ್ಲೆ ತಂದ್ರಿ, ನಾನು ಸೈಕಲ್ ಕೊಟ್ಟೆ. ಬಿಲ್ಲೆ ನಿಮ್ಮ ಕೈಗೆ ಹೆಂಗೆ ಬಂತು ಅಂತ ಕೇಳಬೇಕಿತ್ತು, ಕೇಳಲಿಲ್ಲ. ಈಗ ಕೇಳೋಣ ಅಂತ ಬಂದೆ."

ಶ್ರೀಧರನ ಮುಖ ಬಿಳಿಚಿಕೊಂಡಿತು. "ನಮ್ಮ ಮನೆ ವಿಷ್ಯ ಅದು" ಎಂದರು.

"ಮನೆ ವಿಷ್ಯ ನಾನು ಕೇಳಲ್ಲ ಸ್ವಾಮಿ. ಸೈಕಲ್ ವಿಷ್ಯ ಅಷ್ಟೇ. ನನ್ನ ಹತ್ರ ಇಟ್ಟೋರು ಈ ಅಮ್ಮ. ಅವರು ಬಿಲ್ಲೆ ಕೊಟ್ಟು ಕಳಿಸಿದ್ರೆ ನಂದೇನೂ ತಪ್ಪಿಲ್ಲ, ಎದ್ದು ಹೋಗ್ತೀನಿ. ಕೊಟ್ಟಿಲ್ಲ ಅಂದ್ರೆ ಆ ಸೈಕಲ್ ಇನ್ನೂ ನನ್ನ ಜವಾಬ್ದಾರಿ. ತಗೊಂಡು ಹೋಗಿ ಇದ್ದ ಜಾಗದಲ್ಲೇ ನಿಲ್ಲಿಸಬೇಕು." ಹೀಗೆ ಹೇಳಿ ನನ್ನ ಕಡೆ ನೋಡಿದರು. "ಹೇಳಮ್ಮ. ಬಿಲ್ಲೆ ನೀವು ಕೊಟ್ರಾ?"

ಆ ಕೋಣೆಯಲ್ಲಿ ಐದು ಜನ ಇದ್ದೆವು. ಬ್ಯಾಗಿನಿಂದ ತೆಗೆದ ಅತ್ತೆ, ಅದನ್ನು ಹಿಡಿದು ಹೋದ ಗಂಡ, ಎಲ್ಲ ಗೊತ್ತಿದ್ದ ಮಾವ, ನಾನು. ಹಾಲೇಶಪ್ಪನವರಿಗೆ ನಾನೇ ಓಣಿಯೆಲ್ಲ ಕೇಳುವಂತೆ ಕೂಗಿ ಹೇಳಿದ್ದೆ. ಉತ್ತರ ಗೊತ್ತಿದ್ದೇ ಅವರು ಕೇಳುತ್ತಿದ್ದರು. ಮೂರು ವರ್ಷದಿಂದ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಒಂದೇ ಒಂದು ಮಾತಿಗೆ ದಾರಿ ಮಾಡಿಕೊಡಲು ಬಂದಿದ್ದರು. ಇಲ್ಲ ಎಂದರೆ ಸಾಕಿತ್ತು. ಅತ್ತೆ ಸೆರಗು ಬಾಯಿಗಿಟ್ಟುಕೊಂಡಿದ್ದರು. ಮಾವ ನೆಲ ನೋಡುತ್ತಿದ್ದರು. ಶ್ರೀಧರ ನನ್ನನ್ನು ನೋಡುತ್ತಿದ್ದರು, ಹಿಂದೆ ಕೈ ಹಿಡಿದು ಕೂತಾಗ ನೋಡಿದ ಹಾಗೆಯೇ.

"ಹೌದು, ನಾನೇ ಕೊಟ್ಟೆ" ಎಂದೆ.

ಸುಳ್ಳೆಂದು ಐದೂ ಜನಕ್ಕೆ ಗೊತ್ತಿತ್ತು. ಆದರೂ ಮನೆಯವರ ಉಸಿರು ಸಡಿಲವಾದದ್ದು ನನಗೆ ಕೇಳಿಸಿತು. ಸತ್ಯದ ಮೇಲೆ ಶ್ಲೋಕ ಹೇಳಿಕೊಡುತ್ತಾ ಬದುಕಿದ ಮಾವ ತಕ್ಷಣ, "ಇವರಿಗೆ ಕಾಫಿ ತಾರಮ್ಮ" ಎಂದರು. ಕಾಫಿ ಬಂದ ಮೇಲೆ ಹಾಲೇಶಪ್ಪನವರು ಲೋಟ ಎತ್ತಿ, ಒಂದೇ ಸಲಕ್ಕೆ ಕುಡಿದು, ಲೋಟವನ್ನು ತಾವೇ ಒಯ್ದು ಹಿತ್ತಲ ಬಚ್ಚಲ ಕಟ್ಟೆಯ ಮೇಲಿಟ್ಟರು. ಅಲ್ಲಿ ಕಿಟಕಿಗೆ ಕಟ್ಟಿದ ಸೈಕಲ್ಲು ಇತ್ತು. ಬಗ್ಗಿ ಹಿಂದಿನ ಟಯರು ಒತ್ತಿ ನೋಡಿದರು, ಮುಂದಿನದೂ. ಸೀಟಿನ ಮೇಲೆ ಬಿದ್ದಿದ್ದ ಎಲೆಯನ್ನು ಕೈಯಿಂದ ಸರಿಸಿದರು.

ಗೇಟಿನವರೆಗೆ ನಾನು ಹೋದೆ. ಅವರೇ ಹೇಳಿದರು, "ಗಾಳಿ ಇಳಿದಿದೆ. ಟಯರಿನ ಮೇಲೆ ಭಾರ ಬಿಡಬೇಡಿ, ಸ್ಟ್ಯಾಂಡ್ ಹಾಕಿ ಎತ್ತಿ ನಿಲ್ಸಿ. ರಬ್ಬರು ನಿಂತಲ್ಲೇ ಬಿರುಕು ಬಿಡುತ್ತೆ." ಅಷ್ಟೇ. ಬೇಜಾರಾಯ್ತಾ ಎಂದು ನಾನು ಕೇಳಲಿಲ್ಲ, ಬೇಜಾರಿಲ್ಲ ಎಂದು ಅವರೂ ಹೇಳಲಿಲ್ಲ. ಬಿಸಿಲಿನಲ್ಲಿ ಛತ್ರಿ ಬಿಚ್ಚದೆ, ಬೇಗ ಬೇಗ ಬಸ್ ಸ್ಟ್ಯಾಂಡಿನ ಕಡೆ ನಡೆದರು. ಅದೇ ಕೊನೆ.

ನಾಚಿಕೆಯಿಂದ ನಾನು ಆ ಓಣಿಗೆ ಕಾಲಿಡಲಿಲ್ಲ. ಬಸ್ ಸ್ಟ್ಯಾಂಡಿನ ಇನ್ನೊಂದು ಬಾಗಿಲಿನಿಂದ ಹೊರಗೆ ಹೋಗಿ ಸಿಟಿ ಬಸ್ಸು ಹತ್ತುತ್ತಿದ್ದೆ. ಇಂದು ಹೋಗೋಣ, ನಾಳೆ ಹೋಗೋಣ ಎಂದುಕೊಂಡೇ ಮಳೆಗಾಲ ಮುಗಿದು ಚಳಿಗಾಲ ಬಂತು. ಒಂದು ಸಂಜೆ ಹೂವಿನವಳು ಎದುರಿಗೆ ಸಿಕ್ಕಿ, "ಹಾಲೇಶಪ್ಪ 'ನಲವತ್ತೊಂದು ಬಂತಾ' ಅಂತ ಕೇಳ್ತಾನೇ ಇದ್ರು ನೋಡಕ್ಕ" ಎಂದಳು. ಇದ್ರು ಎಂದರೆ? "ಅಯ್ಯೋ, ಗೊತ್ತಿಲ್ವಾ? ಹೋಗಿ ತಿಂಗಳಾಯ್ತು. ಎದೆ ನೋವು ಅಂದ್ರಂತೆ, ಕೂತೋರು ಕೂತಂಗೇ." ನಾನು ಅಳಲಿಲ್ಲ. ಬಸ್ಸು ಹತ್ತಿ ಮನೆಗೆ ಬಂದೆ, ಅಕ್ಕಿ ತೊಳೆದೆ, ಅನ್ನಕ್ಕಿಟ್ಟೆ. ಯಾರದೋ ಮನೆಯ ಸುದ್ದಿ ಕೇಳಿದ ಹಾಗಿತ್ತು.

ಮಾರನೇ ದಿನ ಬೆಳಿಗ್ಗೆ ತಿಂಡಿಗೆ ಕೂತಾಗ, ಯಾರೂ ಏನೂ ಕೇಳದಿದ್ದಾಗ, "ಅವತ್ತು ಬಿಲ್ಲೆ ನಾನು ಕೊಟ್ಟಿರಲಿಲ್ಲ" ಎಂದೆ.

ಅವಲಕ್ಕಿ ಬಡಿಸುತ್ತಿದ್ದ ಅತ್ತೆಯ ಕೈ ನಿಂತಿತು. ಮಾವ ನೀರಿನ ಲೋಟ ಎತ್ತಿ ಕುಡಿಯದೆ ಇಟ್ಟರು. "ಗೊತ್ತು" ಎಂದರು ಶ್ರೀಧರ, ಬಹಳ ಸಣ್ಣ ದನಿಯಲ್ಲಿ.

"ಕೀ ಕೊಡಿ."

"ಏನಾದ್ರೂ ಆದ್ರೆ?"

"ಆಗಲಿ. ಆದದ್ದು ಸೈಕಲ್ಲಿಂದ ಅಲ್ಲ ಅಂತ ಡಾಕ್ಟರು ಹೇಳಿದಾಗ ನೀವೂ ಇದ್ರಿ ಅಲ್ಲಿ."

ಅವರು ಗೊಂಚಲಿನಿಂದ ಕೀ ಬಿಡಿಸಲು ಹೋಗಿ, ಬಿಡಿಸಲಾಗದೆ, ಪೂರ್ತಿ ಗೊಂಚಲನ್ನೇ ನನ್ನ ತಟ್ಟೆಯ ಪಕ್ಕ ಇಟ್ಟರು. "ನಿನ್ನಿಷ್ಟ" ಎಂದರು ಅತ್ತೆ. ಆ ಮಾತಿನ ಅರ್ಥ ಎಲ್ಲ ಸೊಸೆಯರಿಗೂ ಗೊತ್ತು. ಆದರೂ ಎದ್ದೆ.

ಟಯರು ಬಿರುಕು ಬಿಟ್ಟಿರಲಿಲ್ಲ. ನ್ಯೂ ಟೌನಿನ ಸೈಕಲ್ ಶಾಪಿನಲ್ಲಿ ಗಾಳಿ ಹಾಕಿಸಿ, ಗುರುತಿದ್ದವರೆಲ್ಲ ನೋಡುತ್ತಿದ್ದಂತೆ ಹತ್ತಿ, ಶಿವಮೊಗ್ಗಕ್ಕೆ ತುಳಿದೇ ಹೋದೆ. ಲಾರಿಗಳು ಮೈಮೇಲೆ ಬಂದ ಹಾಗೆ ಬಂದವು. ತೊಡೆ ಉರಿಯಿತು. ಊರು ಸೇರುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು. ಲ್ಯಾಬಿಗೆ ರಜ ಹೇಳಿ ನೇರವಾಗಿ ಓಣಿಗೆ ಹೋದೆ. ಅವರಿಲ್ಲದಿದ್ದರೂ ಸೈಕಲ್ಲನ್ನು ಅದರ ಜಾಗಕ್ಕೆ ಮುಟ್ಟಿಸೋಣ ಎಂದಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು.

ಶೆಡ್ಡಿಗೆ ಹೊಸ ತಗಡು ಬಂದಿತ್ತು, ನೆಲಕ್ಕೆ ಸಿಮೆಂಟು. ಬಾಗಿಲಲ್ಲಿ ಸಮವಸ್ತ್ರ ತೊಟ್ಟ ಒಬ್ಬರು ನಡುವಯಸ್ಸಿನವರು ಮೊಬೈಲು ಹಿಡಿದು ನಿಂತಿದ್ದರು. ಸ್ಕೂಟರುಗಳು ಅವರ ಮುಂದೆ ಒಂದು ಕ್ಷಣ ನಿಂತು ಒಳಗೆ ಹೋಗುತ್ತಿದ್ದವು. ನನ್ನನ್ನು ಕಂಡು ಕೈ ಅಡ್ಡ ಹಿಡಿದರು. "ಸೈಕಲ್ ತಗೊಳ್ಳಲ್ಲ ಮೇಡಂ. ಟೂ ವೀಲರ್ ಮಾತ್ರ."

"ಇದಕ್ಕೂ ಎರಡೇ ಚಕ್ರ ಅಲ್ವಾ?" ಎಂದೆ. ಅವರು ನಕ್ಕರು. ನನಗೆ ನಗು ಬರಲಿಲ್ಲ.

"ಇಲ್ಲಿದ್ದ ಸೈಕಲ್ಲುಗಳೆಲ್ಲ?"

"ಅವರವರು ತಗೊಂಡು ಹೋದ್ರು. ಜಾಗ ಸಾಲಲ್ಲ ಮೇಡಂ, ಓನರ್ ಹೇಳಿದಾರೆ."

"ಹಾಗಾದರೆ ಈ ಕಡೆ ಇನ್ನೆಲ್ಲಿ ಇಡೋದು? ನಾನು ದಿನಾ ಭದ್ರಾವತಿಯಿಂದ ಬರೋಳು. ರಾತ್ರಿ ಇದು ಇಲ್ಲೇ ಇರಬೇಕು."

ಅವರು ನಿಜವಾಗಿಯೂ ಯೋಚನೆ ಮಾಡಿದರು. ಓಣಿಯ ಆ ತುದಿ ನೋಡಿದರು, ಈ ತುದಿ ನೋಡಿದರು. ಆಮೇಲೆ ನನ್ನ ಬೆವರಿದ ಮುಖ ನೋಡಿ ಮರುಕದಿಂದಲೇ ಹೇಳಿದರು, "ಮನೇಲೇ ಇಟ್ಕೊಳ್ಳಿ ಮೇಡಂ. ಸೇಫಾಗಿರುತ್ತೆ."

ಹಾಲೇಶಪ್ಪನವರು ಸತ್ತದ್ದು ನನಗೆ ಗೊತ್ತಾದದ್ದು ಆಗ. ಹ್ಯಾಂಡಲ್ಲು ಹಿಡಿದುಕೊಂಡು, ಒಳಗೆ ಹೋಗುವ ಸ್ಕೂಟರುಗಳಿಗೆ ದಾರಿ ಬಿಡುತ್ತಾ, ಆ ಓಣಿಯಲ್ಲಿ ನಿಂತು ಅತ್ತುಬಿಟ್ಟೆ.